ಒಂದೇ ಹೆಸರಿನ ಲಾಂಚು

ಲಾಂಚು ದಡಕ್ಕೆ ಬಂದು ನಿಂತಾಗಿತ್ತು. ಇಂಜಿನ್ನು ಗುಡುಗುಡು ಅನ್ನುತ್ತಿತ್ತು, ಹೊಗೆ ನೀರಿನ ಮೇಲೆ ಹರಡುತ್ತಿತ್ತು. ನನ್ನ ಮಗಳು ಯಾರ್ಲೆನಿ ಮಾತ್ರ ಶಾಲೆಯ ಸಮವಸ್ತ್ರ ತೊಟ್ಟುಕೊಂಡು ಬಾಗಿಲಿನ ಕಂಬವನ್ನು ತಬ್ಬಿ ನಿಂತುಬಿಟ್ಟಿದ್ದಳು.

"ನಾನು ಹತ್ತಲ್ಲ."

"ಹತ್ತಲ್ವಾ? ಇವತ್ತು ಕೋರ್ಟಿದೆ ಕಣೇ! ಇವತ್ತೊಂದಿನ ಬಾಯಿ ಮುಚ್ಕೊಂಡು ಹತ್ತು."

"ದೋಣೀಲಿ ಬರ್ತೀನಮ್ಮಾ. ಎಲ್ಲರ ಜೊತೆ."

"ದೋಣೀಲಿ ಬಂದ್ರೆ ಮೇಯರ್ ಕಡೆ ವಕೀಲ ಏನಂತಾನೆ ಗೊತ್ತಾ? ನಾವು ಲಾಂಚು ಕಳಿಸ್ತಾನೇ ಇದೀವಿ, ಹುಡುಗೀಗೇ ಬೇಡವಂತೆ, ಕೇಸು ಮುಚ್ಚಿಬಿಡಿ ಅಂತಾನೆ. ಆಮೇಲೆ ನಿನ್ನ ಆರನೇ ಕ್ಲಾಸು ನನ್ನ ಬಾಳೆಕಾಯಿ ಬುಟ್ಟೀಲಿ. ನಡಿ!"

ರಟ್ಟೆ ಹಿಡಿದು ಎಳೆದೆ. ನಾನು ಮೆತ್ತಗಿನ ಹೆಂಗಸಲ್ಲ. ನನ್ನ ದನಿ ಎತ್ತಿದರೆ ಹೊಳೆಯ ಆಚೆ ದಡದವರು ಮನೆಯಿಂದ ಹೊರಗೆ ಬಂದು ನೋಡುತ್ತಾರೆ. ಅವತ್ತೂ ಬಂದು ನೋಡಿದರು. ನೋಡಲಿ. ನೋಡುವುದು ಬಿಟ್ಟು ಅವರು ಇನ್ನೇನು ಮಾಡಿದ್ದರು?

ಈ ಗೋಳು ಶುರುವಾದದ್ದು ಪ್ರಾರ್ಥನಾ ಮಂದಿರದ ತಗಡಿನ ಮಾಡಿನ ಕೆಳಗೆ. ನಮ್ಮ ಎಲ್ ರೆಮಾನ್ಸೊದಲ್ಲಿ ಶಾಲೆ ಇರುವುದು ಐದನೇ ಕ್ಲಾಸಿನವರೆಗೆ. ಅದರ ಮೇಲೆ ಓದಬೇಕೆಂದರೆ ಹೊಳೆಯಲ್ಲಿ ಕೆಳಕ್ಕೆ, ಪುವೆರ್ತೊ ಪಟ್ಟಣಕ್ಕೇ ಹೋಗಬೇಕು. ಮೊದಲೆಲ್ಲ ಪುರಸಭೆಯ ಲಾಂಚು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಿತ್ತು. ಈ ಮೇಯರ್ ಗೆದ್ದು ಬಂದ ಮೇಲೆ ಪೆಟ್ರೋಲಿಗೆ ಹಣವಿಲ್ಲ ಎಂದು ಅದು ನಿಂತುಹೋಯಿತು. ಮಕ್ಕಳು ಹುಟ್ಟು ಹಾಕಿಕೊಂಡು ಹೋಗತೊಡಗಿದರು. ಹೋಗುವಾಗ ಹೊಳೆಯೇ ಒಯ್ಯುತ್ತದೆ. ಬರುವಾಗ ಎದುರು ನೀರು. ಕತ್ತಲಾದ ಮೇಲೆ ಮನೆಗೆ ಬಂದು, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದವು. ಮೊದಲು ಕೆಲವು ಹೆಣ್ಣುಮಕ್ಕಳು ಶಾಲೆ ಬಿಟ್ಟರು, ಆಮೇಲೆ ಕೆಲವು ಗಂಡುಮಕ್ಕಳು ಚಿನ್ನ ತೊಳೆಯುವ ಕಡೆ ಕೂಲಿಗೆ ಹೋದರು.

ಇಲ್ಲಿ ಸರ್ಕಾರ ಕಿವಿ ಕೇಳದ ಹಾಗೆ ಕೂತರೆ ಜನ ತುತೇಲ ಹಾಕುತ್ತಾರೆ. ಆಸ್ಪತ್ರೆಯವರು ಔಷಧ ಕೊಡದಿದ್ದರೆ ತುತೇಲ, ಪಿಂಚಣಿ ಬರದಿದ್ದರೆ ತುತೇಲ. ವಕೀಲ ಬೇಡ, ಶುಲ್ಕ ಬೇಡ. ನನ್ನ ಹಕ್ಕನ್ನು ಇಂಥವರು ತುಳಿದಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಜಡ್ಜು ಉಳಿದ ಕೆಲಸ ಬದಿಗಿಟ್ಟು ಅದನ್ನು ನೋಡಲೇಬೇಕು. ಮಕ್ಕಳ ಓದಿಗೂ ಹಾಕೋಣ ಎಂದು ಊರು ಸಭೆ ಸೇರಿತು. ಯಾರು ಹಾಕುವುದು ಎಂಬ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ಒಬ್ಬಳ ಗಂಡ ಪುರಸಭೆಯ ರಸ್ತೆ ಕೆಲಸದಲ್ಲಿದ್ದ. ಇನ್ನೊಬ್ಬಳಿಗೆ ಮೇಯರ್ ಮಾಡಿನ ತಗಡು ಕೊಡುತ್ತೇನೆ ಎಂದಿದ್ದ. ಯಾವ ಹಂಗೂ ಇಲ್ಲದವಳು ಎಂದರೆ ನಾನು: ಗಂಡನಿಲ್ಲ, ತಗಡು ಬೇಕಿಲ್ಲ, ಬಾಳೆತೋಟ ನನ್ನದೇ.

"ತಿಯೋಫಿಲಾ, ನೀನೇ ಎತ್ಕೊ ಮಾರಾಯ್ತಿ," ಅಂದವಳು ಉಬೆರ್ತಿನಾ. "ನೀನು ಎತ್ಕೊಟ್ರೆ ನಾವೆಲ್ಲ ಹಿಂದೆ ಇದ್ದೇ ಇರ್ತೀವಲ್ಲ."

ನಮಗದು ಸರಿಯೆಂದೇ ಕಂಡಿತ್ತು. ನಮ್ಮ ಹೊಳೆಯ ಕಡೆ ಸಂತನ ಹಬ್ಬವಾಗಲಿ, ಸಾವಿನ ಮನೆಯಾಗಲಿ, ಒಬ್ಬಳು ಹಾಡು ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಹಾಡು ಎತ್ತಿದವಳು ಒಬ್ಬಳಾದರೂ ಹರಕೆ ಎಲ್ಲರದೂ ಸಂತನಿಗೆ ಮುಟ್ಟುತ್ತದೆ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ನಮ್ಮೂರಲ್ಲಿ ಹಾಡು ಎತ್ತುವವಳು ನಾನು. ಕೋರ್ಟೂ ಹೀಗೇ ಎಂದುಕೊಂಡೆವು. ಪ್ರೈಮರಿ ಮೇಷ್ಟ್ರ ಹತ್ತಿರ ಯಾರ್ಲೆನಿಯ ಹೆಸರಿನಲ್ಲಿ ಬರೆಸಿ ಹಾಕಿದೆ.

ಗೆದ್ದೆವು! ಮಕ್ಕಳ ಓದಿನ ಹಕ್ಕು ಎಲ್ಲ ಹಕ್ಕಿಗಿಂತ ಮೇಲೆ, ಮೇಯರ್ ತಕ್ಷಣ ಲಾಂಚು ಒದಗಿಸತಕ್ಕದ್ದು ಎಂದು ಜಡ್ಜಮ್ಮ ಬರೆದಿದ್ದಳು. ಅವತ್ತು ಡೋಲು ಹೊರಗೆ ಬಂತು, ಕಬ್ಬಿನ ಸಾರಾಯಿ ಹೊರಗೆ ಬಂತು, ನಾನು ದನಿ ಬೀಳುವ ತನಕ ಹಾಡಿದೆ.

ಲಾಂಚು ಬಂದದ್ದೂ ನಿಜ. ನೀಲಿ ಮಾಡು, ಎರಡು ಸಾಲು ಬೆಂಚು, ಹೊಸ ಇಂಜಿನ್ನು. ಓಡಿಸುವವನನ್ನು ನೋಡಿ ಊರೇ ಬಾಯಿ ತೆರೆಯಿತು. ಉಬೆರ್ತಿನಾಳ ಗಂಡ ಫೆಲಿಸಿಯಾನೊ, ಪುರಸಭೆಯ ಅಂಗಿ ತೊಟ್ಟುಕೊಂಡು ಕೂತಿದ್ದ. ಮಕ್ಕಳು ಹೋ ಎಂದು ನೀರಿಗಿಳಿದರು. ಎಲ್ಲರಿಗಿಂತ ಮುಂದೆ ಅವನ ಮಗ ದುವಾನ್. ಫೆಲಿಸಿಯಾನೊ ಕೈ ಅಡ್ಡ ಹಿಡಿದ. ಮಗನ ಮುಖ ನೋಡಲಿಲ್ಲ, ಇಂಜಿನ್ನನ್ನೇ ನೋಡುತ್ತಾ ಹೇಳಿದ:

"ಯಾರ್ಲೆನಿ ಒಬ್ಬಳೇ. ತೀರ್ಪಲ್ಲಿ ಅವಳೊಬ್ಬಳ ಹೆಸರೇ ಇರೋದು. ವಿಮೆ ಅವಳಿಗೆ ಮಾತ್ರ ಮಾಡ್ಸಿದಾರೆ."

ನಾನು ತಮಾಷೆ ಎಂದುಕೊಂಡೆ. ಲಾಂಚಿನೊಳಗೆ ನೋಡಿದರೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ಒಂದೇ ಒಂದು ನೇತಾಡುತ್ತಿತ್ತು.

ಅವತ್ತೇ ಪಟ್ಟಣಕ್ಕೆ ಹೋಗಿ ಕೋರ್ಟಿನ ಗುಮಾಸ್ತನ ಮುಂದೆ ಕೂಗಾಡಿದೆ. ಆತ ಬಿಸಿಲಿಗೆ ಬೇಸತ್ತವನಂತೆ ಬೀಸಣಿಗೆ ಆಡಿಸುತ್ತಾ, "ಕೇಳಿದವರಿಗೆ ಕೊಟ್ಟಿದೀವಿ ತಾಯಿ. ಬೇರೆಯವರಿಗೆ ಬೇಕಿದ್ರೆ ಅವರವರು ಬಂದು ಕೇಳ್ಲಿ," ಅಂದ. ಅಲ್ಲಿಗೆ ಮುಗಿಯಿತು. ಸಂತನಿಗಿರುವಷ್ಟು ಬುದ್ಧಿಯೂ ಕೋರ್ಟಿಗಿಲ್ಲ ಎಂದು ಬಯ್ದುಕೊಂಡು ಬಂದೆ.

ಊರಿಗೆ ಬಂದು ಮನೆಮನೆ ಸುತ್ತಿದೆ. ನೀವೂ ಹಾಕಿ, ನೀವೂ ಹಾಕಿ. ಒಬ್ಬರೂ ಮುಂದೆ ಬರಲಿಲ್ಲ. ಮೊದಲಿದ್ದ ಹೆದರಿಕೆಯ ಜೊತೆಗೆ ಈಗ ನನ್ನ ಮೇಲೆ ಸಿಟ್ಟೂ ಸೇರಿಕೊಂಡಿತ್ತು. ತನ್ನ ಮಗಳಿಗೆ ಮಾಡ್ಕೊಂಡ್ಲು, ನಮಗೇನು ಉಪದೇಶ ಹೇಳ್ತಾಳೆ ಎಂಬ ಮಾತು ನನ್ನ ಬೆನ್ನಿಗೆ ಕೇಳುವ ಹಾಗೇ ಆಡುತ್ತಿದ್ದರು.

ಉಳಿದವರು ಆಡಿದ್ದನ್ನು ತಡೆದುಕೊಂಡೆ. ತಡೆಯಲಾಗದ್ದು ಉಬೆರ್ತಿನಾಳದು. ಜ್ಞಾನಸ್ನಾನದ ದಿನ ನನ್ನ ಮಗಳನ್ನು ಎತ್ತಿಕೊಂಡವಳು ಅವಳು, ದುವಾನನನ್ನು ಎತ್ತಿಕೊಂಡವಳು ನಾನು. ಅಂದಿನಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವರ ಜೊತೆ ಮಾತು ಬಿಡಬಹುದು, ಕೊಮಾದ್ರೆಯ ಜೊತೆ ಬಿಡುವ ಹಾಗಿಲ್ಲ. ಅವಳು ಒಲೆಯ ಮುಂದೆ ಮೀನು ಹಸನು ಮಾಡುತ್ತಿದ್ದಳು.

"ನಿನ್ನ ಗಂಡ ನನ್ನ ಮಗಳನ್ನ ಕೂರಿಸ್ಕೊಂಡು ಸ್ವಂತ ಮಗನ್ನ ದಾಟ್ಕೊಂಡು ಹೋಗ್ತಾನೆ. ನಿನಗೆ ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ ಕೊಮಾದ್ರೆ. ಆ ಉರೀಲೇ ಅನ್ನ ಬೇಯಿಸ್ತಿದೀನಿ. ಎಷ್ಟು ವರ್ಷದ ಮೇಲೆ ಈ ಮನೆಗೆ ಸಂಬಳ ಅಂತ ಬರ್ತಿದೆ ಗೊತ್ತಾ ನಿನಗೆ? ದುವಾನನ ಹೆಸರಲ್ಲಿ ಕಾಗದ ಹಾಕಿದ ದಿನಾನೇ ಇವರನ್ನ ಇಳಿಸಿ ಇನ್ಯಾರನ್ನೋ ಕೂರಿಸ್ತಾರೆ."

"ಅದಕ್ಕೇ ಅಲ್ವಾ ಅವನಿಗೇ ಆ ಕೆಲಸ ಕೊಟ್ಟಿದ್ದು! ನಿಮ್ಮ ಬಾಯಿಗೆ ಬೀಗ."

"ಬೀಗವಾದ್ರೆ ಬೀಗ. ಬೀಗ ಹಾಕಿದ ಬಾಯೂ ಉಣ್ಣುತ್ತೆ." ಚಾಕುವಿನಿಂದ ಬಾಗಿಲು ತೋರಿಸಿದಳು. "ನೀನು ದೊಡ್ಡ ದನಿಯವಳು. ಹೋಗಿ ಹೊಳೆ ಮುಂದೆ ಹಾಡ್ಕೊ."

ಆಮೇಲೆ ನಮ್ಮಿಬ್ಬರಿಗೆ ಮಾತಿಲ್ಲ.

ಯಾರ್ಲೆನಿ ಮೊದಮೊದಲು ಲಾಂಚಿನಲ್ಲಿ ಹೋದಳು. ಎರಡು ಸಾಲು ಖಾಲಿ ಬೆಂಚಿನ ನಡುವೆ, ಕಿತ್ತಳೆ ಜಾಕೀಟಿನೊಳಗೆ ಕತ್ತು ಹುದುಗಿಸಿಕೊಂಡು ಒಬ್ಬಳೇ. ಕೆಳಗೆ ಅವಳ ಗೆಳೆಯರು ಹುಟ್ಟು ಹಾಕುತ್ತಾ, "ದಾರಿ ಬಿಡ್ರೋ, ಮೇಯರಮ್ಮ ಬಂದ್ಲು!" ಎಂದು ನೀರು ಎರಚುತ್ತಿದ್ದರಂತೆ. ಶಾಲೆಯಲ್ಲೂ ಅದೇ ಹೆಸರು ನಿಂತಿತು. ಒಂದು ಬೆಳಿಗ್ಗೆ ನಾನು ತೋಟಕ್ಕೆ ಹೋಗಿದ್ದಾಗ ದುವಾನನ ದೋಣಿ ಹತ್ತಿ ಹೊರಟೇಬಿಟ್ಟಳು. ಅದೇ ರೂಢಿಯಾಯಿತು. ದಿನಕ್ಕೊಂದು ಸಲ ಹೋಗಿ ಬರಲೇಬೇಕೆಂದು ಗುತ್ತಿಗೆಯಲ್ಲಿತ್ತಾದ್ದರಿಂದ ಲಾಂಚು ಅವರ ಹಿಂದೆ ಖಾಲಿಯಾಗಿ ಹೋಗಿ ಖಾಲಿಯಾಗಿ ಬರುತ್ತಿತ್ತು.

ಮೇಯರ್ ಕಚೇರಿಗೆ ಇಷ್ಟೇ ಬೇಕಿತ್ತು. ಹುಡುಗಿ ಸೌಲಭ್ಯ ನಿರಾಕರಿಸುತ್ತಿದ್ದಾಳೆ, ಆದೇಶ ರದ್ದು ಮಾಡಿ ಎಂದು ಕೋರ್ಟಿಗೆ ಬರೆದರು. ಜಡ್ಜಮ್ಮ ನಮ್ಮನ್ನು ಕರೆಸಿದಳು. ಹಿಂದಿನ ರಾತ್ರಿಯಿಡೀ ನನಗೆ ನಿದ್ದೆಯಿಲ್ಲ. ಅವಳು ಹತ್ತದಿದ್ದರೆ ಆದೇಶ ಹೋಗುತ್ತದೆ. ಹತ್ತಿದರೆ ಮಗಳು ನನ್ನ ಮುಖ ನೋಡುವುದಿಲ್ಲ. ಅವಳಿಗೆ ಲೆಕ್ಕ ಎಂದರೆ ಜೀವ. ಮೇಷ್ಟ್ರೇ ಅವಳ ಹತ್ತಿರ ಉತ್ತರ ಸರಿಯೋ ಎಂದು ಕೇಳುತ್ತಿದ್ದರು. ಅಂಥ ಹುಡುಗಿಯನ್ನು ಬಾಳೆಗೊನೆ ಎಣಿಸಲು ಕೂರಿಸುವುದೇ? ಮುಖ ನೋಡದಿದ್ದರೂ ಸರಿ, ಓದಲಿ ಎಂದು ತೀರ್ಮಾನಿಸಿಯೇ ಅವಳ ರಟ್ಟೆ ಹಿಡಿದದ್ದು.

ಅವತ್ತು ಲಾಂಚಿನಲ್ಲಿ ಇನ್ನೊಬ್ಬನಿದ್ದ. ಮೇಯರ್ ಕಚೇರಿಯವನು, ಇಸ್ತ್ರಿ ಅಂಗಿ, ಕೈಯಲ್ಲಿ ಫೋನು. ಹುಡುಗಿ ಹತ್ತಿದರೆ ಆದೇಶ ಪಾಲಿಸಿದ್ದೇವೆ ಎಂದು, ಹತ್ತದಿದ್ದರೆ ಅವಳಿಗೇ ಬೇಡವಂತೆ ಎಂದು ಕೋರ್ಟಿಗೆ ತೋರಿಸಲು ವಿಡಿಯೋ ಮಾಡಿಕೊಳ್ಳಲು ಬಂದಿದ್ದ.

ಮಗಳನ್ನು ಹತ್ತಿಸಿ ನಾನೂ ಕಾಲಿಟ್ಟೆ. ಫೆಲಿಸಿಯಾನೊ ಎದ್ದು ನಿಂತ.

"ಕೊಮಾದ್ರೆ, ನಿಮ್ಮ ಹೆಸರಿಲ್ಲ."

"ನಾನು ಅವಳ ತಾಯಿ! ಕೋರ್ಟಿಗೆ ಕರೆದಿರೋದು ನನ್ನನ್ನೂ."

"ಗೊತ್ತು. ಆದ್ರೂ…" ಎಂದು ಕಣ್ಣಿನಲ್ಲೇ ಫೋನಿನವನನ್ನು ತೋರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. "ಇವನ ಹೆಸರು ಯಾವ ತೀರ್ಪಲ್ಲಿದೆ? ಇವನು ಎಷ್ಟನೇ ಕ್ಲಾಸು?"

ದಡದಲ್ಲಿ ಯಾರೋ ಕಿಸಕ್ಕೆಂದರು. ಫೋನಿನವನು ಕಿವಿಯ ತುದಿ ಕೆಂಪಾದರೂ ಜಾಗ ಬಿಟ್ಟು ಏಳಲಿಲ್ಲ. "ನಾನು ಅಧಿಕಾರಿ," ಅಂದ.

ಉಳಿದ ಮಕ್ಕಳ ದೋಣಿಗಳು ಆಗಲೇ ಹೋಗಿದ್ದವು. ದುವಾನ್ ಒಬ್ಬನೇ ದೋಣಿಯ ಹಗ್ಗ ಹಿಡಿದು ನೀರಲ್ಲಿ ನಿಂತಿದ್ದ. "ಬನ್ನಿ ಮಾದ್ರೀನಾ," ಅಂದ. ಜ್ಞಾನಸ್ನಾನದ ತಾಯಿಯನ್ನು ಇಲ್ಲಿ ಹಾಗೇ ಕರೆಯುವುದು. ಅವನ ಅಮ್ಮನಿಗೂ ನನಗೂ ಮಾತಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಕರೆದ. ನಾನು ಲಂಗ ಎತ್ತಿ ಕಟ್ಟಿಕೊಂಡು, ಕೋರ್ಟಿನ ಕಾಗದದ ಚೀಲ ತಲೆಯ ಮೇಲಿಟ್ಟುಕೊಂಡು ಹತ್ತಿದೆ. ಮಗಳಿಗೆ ಲಾಂಚು ಗೆದ್ದುಕೊಟ್ಟವಳು ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಕೋರ್ಟಿಗೆ ಹೊರಟೆ.

ನಾವು ಹೊರಡುವಾಗ ಲಾಂಚು ಇನ್ನೂ ದಡದಲ್ಲೇ ಇತ್ತು. "ಮುಖ ಗಂಟು ಹಾಕ್ಕೊಂಡಿದ್ದು ಸರಿ ಕಾಣಲ್ಲ. ಇಳಿದು ಇನ್ನೊಂದ್ಸಲ ಹತ್ತಮ್ಮ, ನಗ್ತಾ," ಎಂದು ಫೋನಿನವನು ಯಾರ್ಲೆನಿಗೆ ಹೇಳುವುದು ಕೇಳಿಸಿತು.

ಆ ದೋಣಿಯನ್ನು ಮಗನಿಗಾಗಿ ಕೊರೆದುಕೊಟ್ಟವನು ಫೆಲಿಸಿಯಾನೊನೇ. ಒಂದೇ ಮರದ್ದು, ಹಗುರ, ಹುಡುಗರಿಬ್ಬರಿಗೆ ಹೇಳಿ ಮಾಡಿಸಿದ್ದು. ನನ್ನಂಥ ಹೆಂಗಸು ಕೂತರೆ ಅಂಚಿಗೂ ನೀರಿಗೂ ಬೆರಳಷ್ಟೇ ಅಂತರ. ಸುಮ್ಮನಿರುವುದು ನನಗೆ ಬರುವ ವಿದ್ಯೆಯಲ್ಲ.

"ಅಪ್ಪನ ಮೇಲೆ ಸಿಟ್ಟಾ?"

ದುವಾನ್ ತಿರುಗಲಿಲ್ಲ. "ದಾಟೋವಾಗ ನನ್ನ ಕಡೆ ನೋಡಲ್ಲ."

"ಹೂಂ."

"ಆದ್ರೆ ಇಂಜಿನ್ನು ಕಮ್ಮಿ ಮಾಡ್ತಾರೆ. ದಿನಾನೂ. ನಮ್ಮನ್ನ ದಾಟಿ ಆ ಬಿದಿರಿನ ಮೆಳೆ ಮುಟ್ಟೋ ತನಕ ಜೋರು ಮಾಡಲ್ಲ."

ನಾನು ಇನ್ನೂ ಜೋರಾಗಿ ಹುಟ್ಟು ಹಾಕಿದೆ.

ಹೊಳೆ ತಿರುಗುವ ಕಡೆ ಹಿಂದಿನಿಂದ ಲಾಂಚಿನ ಸದ್ದು ಕೇಳಿತು. ದುವಾನ್ ದೋಣಿಯನ್ನು ದಡದ ಕಡೆಗೆ ಒತ್ತರಿಸಿದ. ಸದ್ದು ಕಮ್ಮಿಯಾಗಲಿಲ್ಲ. ತಿರುಗಿ ನೋಡಿದೆ. ಲಾಂಚಿನ ಮೂತಿ ಎದ್ದುಕೊಂಡು ಬರುತ್ತಿತ್ತು. ಫೋನಿನವನು ಗಡಿಯಾರ ತೋರಿಸಿ ಫೆಲಿಸಿಯಾನೊನ ಕಿವಿಯ ಹತ್ತಿರ ಏನೋ ಕೂಗುತ್ತಿದ್ದ. ಯಾರ್ಲೆನಿ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದಳು. ಫೆಲಿಸಿಯಾನೊ ನಮ್ಮ ಕಡೆ ನೋಡಲಿಲ್ಲ. ದಿನವೂ ನೋಡದವನು ಅವತ್ತೂ ನೋಡಲಿಲ್ಲ, ಅಷ್ಟೆ. ಲಾಂಚು ಸುಯ್ಯೆಂದು ದಾಟಿತು. ಅದರ ಅಲೆ ಮೊದಲನೆಯದು ದೋಣಿಯನ್ನು ಎತ್ತಿತು, ಎರಡನೆಯದು ಒಳಗೆ ಬಂದು ಕೂತಿತು, ಮೂರನೆಯದಕ್ಕೆ ನಾವು ನೀರಲ್ಲಿದ್ದೆವು.

ಹೊಳೆಯಲ್ಲೇ ಹುಟ್ಟಿದವಳು ನಾನು, ಈಜು ಬರುತ್ತದೆ. ದುವಾನನಿಗೂ ಬರುತ್ತದೆ. ಆದರೆ ಅವನು ಶಾಲೆಯ ಚೀಲವನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದ. ಪುಸ್ತಕ ನೀರು ಕುಡಿದು ಕಲ್ಲಾಗಿ ಅವನನ್ನು ಕೆಳಕ್ಕೆ ಎಳೆಯಿತು. ನಾನು ಮೇಲೆ ಬಂದು ನೋಡಿದರೆ ಮಗುಚಿದ ದೋಣಿ ಇದೆ, ಹುಡುಗನಿಲ್ಲ. ನಾನು ಕೂಗಿದೆ. ಸಂತನ ಮುಂದೆಯೂ ನಾನು ಹಾಗೆ ದನಿ ಎತ್ತಿದವಳಲ್ಲ.

ಇಂಜಿನ್ನು ನಿಂತಿತು. ಫೆಲಿಸಿಯಾನೊ ಪುರಸಭೆಯ ಅಂಗಿಯ ಸಮೇತ ನೀರಿಗೆ ಹಾರಿದ. ಎಷ್ಟು ಹೊತ್ತು ಅವನೂ ಕಾಣಲಿಲ್ಲವೋ ನಾನು ಹೇಳಲಾರೆ. ಮೇಲೆ ಬಂದಾಗ ಮಗನ ಚೀಲದ ಪಟ್ಟಿ ಅವನ ಹಲ್ಲಿನಲ್ಲಿತ್ತು, ಮಗ ತೋಳಲ್ಲಿದ್ದ. ಯಾರ್ಲೆನಿ ಲಾಂಚಿನಿಂದ ಬಾಗಿ ದುವಾನನ ಕಾಲರಿಗೇ ಕೈ ಹಾಕಿ ಎಳೆದುಕೊಂಡಳು. ನಾನೂ ಹೇಗೋ ಹತ್ತಿಕೊಂಡೆ. ಹುಡುಗ ನೀರು ಕಕ್ಕಿದ, ಕೆಮ್ಮಿದ, ಮತ್ತೆ ಕಕ್ಕಿದ, ಆಮೇಲೆ ಅತ್ತ.

ಫೋನಿನವನು ಬೆಂಚಿನ ಮೂಲೆಗೆ ಸರಿದು ತನ್ನ ಇಸ್ತ್ರಿ ಅಂಗಿಗೆ ಸಿಡಿದ ನೀರು ಒರೆಸಿಕೊಳ್ಳುತ್ತಿದ್ದ. "ಹೆಸರಿಲ್ಲದವರನ್ನ ಹತ್ತಿಸೋ ಹಾಗಿಲ್ಲ," ಅಂದ. ಹೆದರಿಕೆಗೆ ಅಂದನೋ, ಅಭ್ಯಾಸಕ್ಕೆ ಅಂದನೋ. "ಸರ್ಕಾರಿ ಲಾಂಚು ಇದು."

ಫೆಲಿಸಿಯಾನೊ ಮಗನ ಬೆನ್ನು ತಿಕ್ಕುತ್ತಲೇ ಇದ್ದ. ದನಿ ಏರಿಸಲಿಲ್ಲ.

"ಹಾಗಾದ್ರೆ ನೀನು ಇಳಿ."

ಹೊಳೆಯ ಮಧ್ಯೆ ಇಳಿಯುವುದೆಲ್ಲಿ? ದೋಣಿಯನ್ನು ಲಾಂಚಿನ ಹಿಂದಕ್ಕೆ ಕಟ್ಟಿಕೊಂಡು ಮೆಲ್ಲಗೆ ಪಟ್ಟಣ ಮುಟ್ಟಿದೆವು. ಇಳಿದ ಮೇಲೆ ಫೋನಿನವನು ಮೊದಲು ಮಾಡಿದ ಕೆಲಸವೆಂದರೆ ಲಾಂಚಿನ ಕೀಲಿಗೆ ಕೈ ಚಾಚಿದ್ದು. ಫೆಲಿಸಿಯಾನೊ ಕೊಟ್ಟುಬಿಟ್ಟ.

ಕೋರ್ಟು ಎಂದರೆ ಬ್ಯಾಂಕಿನ ಮಾಳಿಗೆಯ ಮೇಲಿನ ಒಂದು ಕೋಣೆ. ಜಡ್ಜಮ್ಮ ಚಿಕ್ಕ ಪ್ರಾಯದವಳು. ಬೆಟ್ಟದ ಕಡೆಯವಳಿರಬೇಕು, ನಮ್ಮ ಸೆಕೆಗೆ ಮುಖವೆಲ್ಲ ಕೆಂಪಾಗಿತ್ತು. ನಮ್ಮಲ್ಲಿ ಷೂ ಹಾಕಿದವರೆಲ್ಲ ದೊತೋರರೇ, ಡಾಕ್ಟರ್ ಅಂದ ಹಾಗೆ. ಮೇಯರನ ವಕೀಲ ಅವಳನ್ನು ದೊತೋರಾ ಎಂದು ಕರೆದ, ಅವಳು ಅವನನ್ನು ದೊತೋರ್ ಎಂದು ಕರೆದಳು. ಆತ ಫೋನಿನವನ ವಿಡಿಯೋ ತೋರಿಸಿದ. ಅದರಲ್ಲಿ ಯಾರ್ಲೆನಿ ನಗದೇ ಹತ್ತುತ್ತಾಳೆ, ಇಳಿಯುತ್ತಾಳೆ, ಮತ್ತೆ ನಗದೇ ಹತ್ತುತ್ತಾಳೆ.

"ದೊತೋರಾ, ಪುರಸಭೆ ಆದೇಶಾನ ಅಕ್ಷರಶಃ ಪಾಲಿಸ್ತಿದೆ."

ಜಡ್ಜಮ್ಮ ಫೋನಿನಿಂದ ಕಣ್ಣೆತ್ತಿ ನಮ್ಮ ಕಡೆ ನೋಡಿದಳು. ನನ್ನ ಲಂಗದಿಂದ ನೀರು ತೊಟ್ಟಿಕ್ಕಿ ಅವಳ ಮೇಜಿನ ಕಾಲಿನವರೆಗೆ ಹರಿದಿತ್ತು. "ಹುಡುಗಿ ಒಣಗಿದಾಳೆ," ಅಂದಳು. "ಉಳಿದವರು ಯಾಕೆ ಒದ್ದೆ?"

ನಾನು ಹೇಳಿದೆ. ಹೇಳುತ್ತಾ ಹೇಳುತ್ತಾ ದನಿ ಏರಿತು. ಕೆಳಗೆ ಬ್ಯಾಂಕಿನ ಸಾಲಿನಲ್ಲಿ ನಿಂತವರೂ ಕೇಳಿಸಿಕೊಂಡರಂತೆ. ಗುಮಾಸ್ತ ಬೀಸಣಿಗೆ ಕೆಳಗಿಟ್ಟ. ಜಡ್ಜಮ್ಮ ಅಡ್ಡ ಬರಲಿಲ್ಲ. ಮುಗಿದ ಮೇಲೆ ಯಾರ್ಲೆನಿಯನ್ನು ಕೇಳಿದಳು:

"ನಾಳೆಯಿಂದ ಲಾಂಚಲ್ಲಿ ಬರ್ತೀಯೇನಮ್ಮಾ?"

ನಾನು ಮಗಳ ಬೆನ್ನು ಚಿವುಟಿದೆ. ಹೂಂ ಅನ್ನು, ಹೂಂ ಅನ್ನು.

"ದುವಾನ್ ಹತ್ತಿದ್ರೆ ಹತ್ತೀನಿ," ಅಂದಳು ಯಾರ್ಲೆನಿ. "ಇಲ್ದಿದ್ರೆ ನನ್ನ ಹೆಸರು ತೆಗೆದುಬಿಡಿ."

ವಕೀಲ ಕೈ ಚಾಚಿದ. ನೋಡಿದಿರಾ ದೊತೋರಾ? ಎಲ್ಲ ಹೋಯಿತು ಎಂದುಕೊಂಡೆ. ಆ ಹುಡುಗಿಗೆ ಎರಡು ಬಿಗಿಯಬೇಕೆನ್ನಿಸಿತು, ಅದರ ಜೊತೆಗೇ ಎತ್ತಿ ಮುದ್ದಾಡಬೇಕೆಂದೂ ಅನ್ನಿಸಿತು.

"ಅವನ ಹೆಸರು ನಾನಾಗೇ ಸೇರಿಸೋಕೆ ಬರಲ್ಲ," ಅಂದಳು ಜಡ್ಜಮ್ಮ. "ಇಡೀ ಊರಿಗೆ ಒಂದೇ ಆದೇಶ ಕೊಡೋ ಅಧಿಕಾರ ರಾಜಧಾನಿಯ ದೊಡ್ಡ ಕೋರ್ಟಿಗಿದೆ, ನನಗಿಲ್ಲ. ಯಾರು ಕೇಳ್ತಾರೋ ಅವರಿಗೆ ನಾನು ಕೊಡಬಹುದು. ಅವನು ಕೇಳಬೇಕು."

"ಅವನಿನ್ನೂ ಹುಡುಗ," ಅಂದೆ.

"ಹುಡುಗರೂ ಕೇಳಬಹುದು. ಅಪ್ಪ ಅಮ್ಮನ ರುಜು ಬೇಕಿಲ್ಲ. ಬರೀಬೇಕು ಅಂತಾನೂ ಇಲ್ಲ, ಬಾಯಲ್ಲಿ ಹೇಳಿದ್ರೆ ನಾವು ಬರ್ಕೊಳ್ತೀವಿ."

ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಆ ಗುಮಾಸ್ತನೂ ಹೇಳಿರಲಿಲ್ಲ. ಅವನ ಕಡೆ ನಾನು ನೋಡಿದ ನೋಟಕ್ಕೆ ಅವನು ತಟ್ಟನೆ ಪೆನ್ನು ಹುಡುಕತೊಡಗಿದ.

ದುವಾನ್ ಬಾಗಿಲ ಹತ್ತಿರ ಅಪ್ಪನ ಪಕ್ಕದಲ್ಲಿ ಗಡಗಡ ನಡುಗುತ್ತಾ ನಿಂತಿದ್ದ. ನಾನು ಫೆಲಿಸಿಯಾನೊನ ಮುಖ ನೋಡಿದೆ. ಕೀಲಿ ಹೋಗಿದ್ದರೂ ಆ ಕೆಲಸ ಇನ್ನೂ ಪೂರ್ತಿ ಹೋಗಿರಲಿಲ್ಲ. ನದಿಯಲ್ಲಿ ಮಗ ಬಿದ್ದ, ಎತ್ತಿದೆ, ತಪ್ಪಾಯಿತು ಎಂದು ಮೇಯರನ ಕಾಲು ಹಿಡಿದರೆ ಸಿಗಬಹುದಿತ್ತು. ಮಗ ಇಲ್ಲಿ ಬಾಯಿ ತೆರೆದರೆ ಮಾತ್ರ ಮುಗಿಯಿತು. ಅದು ಅವನಿಗೂ ಗೊತ್ತಿತ್ತು, ವಕೀಲನಿಗೂ ಗೊತ್ತಿತ್ತು. ವಕೀಲ ಅವನನ್ನೇ ನೋಡುತ್ತಿದ್ದ.

ಫೆಲಿಸಿಯಾನೊ ಮಗನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದ. "ಹೋಗು. ಕೇಳು."

ದುವಾನ್ ಹೆಸರು ಹೇಳಿದ, ಊರು ಹೇಳಿದ, ಏಳನೇ ಕ್ಲಾಸು ಎಂದು ಹೇಳಿದ. ಗುಮಾಸ್ತ ಬರೆದುಕೊಳ್ಳುತ್ತಾ ಕೇಳಿದ: "ನಿನ್ನ ಓದೋ ಹಕ್ಕಿಗೆ ಅಡ್ಡ ಬಂದಿರೋದು ಯಾರು? ದೂರು ಯಾರ ಮೇಲೆ?"

ಹುಡುಗ ಅಪ್ಪನ ಕಡೆ ನೋಡಿ, ನೆಲ ನೋಡಿದ.

"ನನ್ನ ಹೆಸರು ಬರ್ಕೊಳ್ಳಿ," ಅಂದ ಫೆಲಿಸಿಯಾನೊ. "ಮೊದಲು ನನ್ನದು. ದಿನಾ ಅವನನ್ನ ಬಿಟ್ಟು ಹೋದೋನು ನಾನು. ಮೇಯರ್ ಅಲ್ಲ, ಇಂಜಿನ್ನು ನನ್ನ ಕೈಲೇ ಇತ್ತು. ಫೆಲಿಸಿಯಾನೊ ಕ್ವಿಞೋನೆಸ್. ಬರ್ಕೊಳ್ಳಿ ಸ್ವಾಮಿ."

ಗುಮಾಸ್ತ ಪೆನ್ನು ಎತ್ತಿ ಜಡ್ಜಮ್ಮನನ್ನು ನೋಡಿದ.

ದುವಾನ್ ತಿರುಗಿದ. "ಬೇಡ," ಅಂದ ಗುಮಾಸ್ತನಿಗೆ. "ಅಪ್ಪಂದು ಬರೀಬೇಡಿ. ಅಪ್ಪ ಲಾಂಚು ನಿಲ್ಲಿಸಿದ್ರು."

ದೂರು ಪುರಸಭೆಯ ಮೇಲೆ ಬರೆದರು. ಜಡ್ಜಮ್ಮ ಯಾರ್ಲೆನಿಯ ಆದೇಶವನ್ನು ಮುಚ್ಚಲಿಲ್ಲ. ದುವಾನನದು ಇತ್ಯರ್ಥವಾಗುವವರೆಗೆ ಹಾಗೇ ಇರಲಿ ಎಂದಳು. ಫೆಲಿಸಿಯಾನೊನನ್ನು ಕೆಲಸದಿಂದ ತೆಗೆದ ಸುದ್ದಿ ನಾವು ಮೆಟ್ಟಿಲು ಇಳಿಯುವ ಹೊತ್ತಿಗೇ ಕೆಳಗೆ ಕಾಯುತ್ತಿತ್ತು.

ವಾಪಸು ನಾಲ್ವರೂ ದುವಾನನ ದೋಣಿಯ ಜೊತೆ ಇನ್ನೊಂದನ್ನು ಎರವಲು ಪಡೆದು ಎದುರು ನೀರಿನಲ್ಲಿ ಬಂದೆವು. ದಡದಲ್ಲಿ ಉಬೆರ್ತಿನಾ ನಿಂತಿದ್ದಳು. ನಾನು ಸೊಂಟ ಕಟ್ಟಿ ಜಗಳಕ್ಕೆ ತಯಾರಾಗಿದ್ದೆ.

"ಲಾಂಚೆಲ್ಲಿ?" ಎಂದು ಗಂಡನನ್ನು ಕೇಳಿದಳು.

ಫೆಲಿಸಿಯಾನೊ ಹಗ್ಗ ಕಟ್ಟುವುದರಲ್ಲೇ ಇದ್ದ.

"ಅಮ್ಮಾ, ನನ್ನ ಹೆಸರೂ ಬರ್ಕೊಂಡ್ರು," ಅಂದ ದುವಾನ್.

ಅವಳು ಮಗನ ಹತ್ತಿರ ಬಂದು ಅಂಗಿ ಮುಟ್ಟಿ ನೋಡಿದಳು. ತಲೆ ಮುಟ್ಟಿದಳು. ಕೂದಲ ಬುಡದಲ್ಲಿ ಹೊಳೆಯ ಮಣ್ಣು ಸಿಕ್ಕಿತು. ಗಂಡನ ಒದ್ದೆ ಅಂಗಿ ನೋಡಿದಳು, ನನ್ನನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಹುಡುಗನನ್ನು ಅವುಚಿಕೊಂಡು ನೀರಿನಲ್ಲೇ ಕೂತುಬಿಟ್ಟಳು.

ಆ ಸಂಜೆ ಮೀನಿನ ಸಾರಿನ ಪಾತ್ರೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಒಲೆಯ ಪಕ್ಕ ಇಟ್ಟಳು. ಕೂರಲಿಲ್ಲ.

"ನನ್ನ ಚಿಕ್ಕೋಳು ಮುಂದಿನ ವರ್ಷ ಐದು ಮುಗಿಸ್ತಾಳೆ," ಅಂದಳು. "ಅವಳ ಹೆಸರು ಈಗ್ಲೇ ಹೇಳಬಹುದಾ ಕೋರ್ಟಲ್ಲಿ?"

"ಕೇಳೋಣ. ನಾನೇ ಬಂದು ಹೇಳ್ತೀನಿ ಬಿಡು."

"ಬೇಡ ಕೊಮಾದ್ರೆ. ಈ ಸಲ ನೀನು ಎತ್ಕೊಡಬೇಡ. ನಾನೇ ಹೇಳ್ತೀನಿ."

ಮರುದಿನ ಲಾಂಚು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಓಡಿಸುವವನು ಸಿಕ್ಕಿಲ್ಲವೆಂದು ಪುರಸಭೆ ಹೇಳಿಕಳಿಸಿತು. ಮಕ್ಕಳ ದೋಣಿಗಳು ಮಂಜಿನಲ್ಲೇ ಹೊರಟವು. ಮುಂದಿನ ದೋಣಿಯಲ್ಲಿ ಉಬೆರ್ತಿನಾ ಕೂತು ಹುಟ್ಟು ಹಾಕುತ್ತಿದ್ದಳು. ಅವಳ ಹಿಂದೆ ರಸ್ತೆ ಕೆಲಸದವನ ಹೆಂಡತಿ, ಅವಳ ಹಿಂದೆ ತಗಡಿಗೆ ಕಾಯುತ್ತಿದ್ದವಳು, ತಂತಮ್ಮ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡಿದ್ದರು. ಕೋರ್ಟಿನಲ್ಲಿ ಏನು ಹೇಳಬೇಕೆಂದು ದುವಾನ್ ಎಲ್ಲರಿಗೂ ಕೂಗಿ ಕೂಗಿ ಹೇಳಿಕೊಡುತ್ತಿದ್ದ: ಹೆಸರು, ಊರು, ಕ್ಲಾಸು. ನಾನು ಬಾಯಿ ಮುಚ್ಚಿಕೊಂಡು ಕೊನೆಯ ದೋಣಿಯಲ್ಲಿ ಹೋದೆ.